ಇಂದುಬಾಯಿಯ ಚರಗ

ಎಳ್ಳಮಾಸಿ, ಎಂದರೆ ಎಳ್ಳು ಅಮಾವಾಸ್ಯೆ, ಹತ್ತಿರ ಬಂತೆಂದರೆ ನಾಗಣಸೂರಿನ ಇಂದುಬಾಯಿಗೆ ಸಿಟ್ಟು ಬರುತ್ತಿತ್ತು. ಚಳಿ ಹಿಡಿದು, ಕಡಲೆ ಗಿಡಗಳ ಮೇಲೆ ಇಬ್ಬನಿ ಕೂತು, ಬಿಳಿಜೋಳ ಆಳೆತ್ತರ ಬೆಳೆಯುವ ಹೊತ್ತಿಗೆ ಅವಳ ಅಡುಗೆಮನೆಯಲ್ಲಿ ಪಾತ್ರೆಗಳ ಸಪ್ಪಳ ಏರುತ್ತಿತ್ತು. ಓಣಿಯ ಹೆಂಗಸರು ಕಟ್ಟೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತ, "ಅಮಾಸಿ ಬಂತು ನೋಡು, ಇಂದುಬಾಯಿ ಗಂಗಾಳ ಒಗಿಯಾಕತ್ಯಾಳ" ಎಂದು ನಗುತ್ತಿದ್ದರು.

ಕೆಲಸಕ್ಕೆ ಅಂಜಿದವಳಲ್ಲ ಅವಳು. ಸಜ್ಜೆ ರೊಟ್ಟಿ ಬಡಿಯುವುದರಲ್ಲಿ ಅವಳ ಕೈಗೆ ಸಾಟಿಯಿಲ್ಲ. ಶೇಂಗಾ ಹೋಳಿಗೆ, ಎಣ್ಣೆಗಾಯಿ, ಹಸಿಕಾಳು ಸೊಪ್ಪು ಎಲ್ಲ ಹಾಕಿ ಕಡಲೆ ಹಿಟ್ಟಿನಲ್ಲಿ ಕುದಿಸುವ ಭಜ್ಜಿ, ಮಡಕೆಯಲ್ಲಿ ಹುಳಿಯಿಟ್ಟ ಅಂಬಲಿ, ಇವನ್ನೆಲ್ಲ ಅವಳು ಬೇರೆಯವರ ಕೈಗೆ ಕೊಡುತ್ತಲೂ ಇರಲಿಲ್ಲ. ಸಿಟ್ಟಿನ ಕಾರಣ ಅಡುಗೆಯಲ್ಲ, ಅಡುಗೆ ಹೊಲಕ್ಕೆ ಹೋದ ಮೇಲೆ ಆಗುವುದು.

ಅವಳ ತವರು ದುಧನಿಯ ಹತ್ತಿರದ ಒಂದು ಹಳ್ಳಿ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಹೀಗಾಗಿ ಎಳ್ಳಮಾಸಿಯ ದಿನ ಹೊಲದ ಗುಡಿಸಲಲ್ಲಿ ಪಾಂಡವರ ಪೂಜೆ ಮುಗಿದ ಕೂಡಲೇ ಚರಗದ ಬುಟ್ಟಿ ಅವಳ ಕಂಕುಳಿಗೆ ಬರುತ್ತಿತ್ತು. ಮಾಡಿದ ಅಡುಗೆಯನ್ನೆಲ್ಲ ಒಂದಿಷ್ಟು ಮುರಿದು ಕಲಸಿ ತುಂಬಿದ ಬುಟ್ಟಿ ಅದು. ಅವಳು ಮುಂದೆ, ಭೂಮಿತಾಯಿಗೆ ಹಿಡಿಹಿಡಿಯಾಗಿ ಚೆಲ್ಲುತ್ತ "ಹುಲಿಗ್ಯೋ ಹುಲಿಗ್ಯೋ" ಎಂದು ಕೂಗುತ್ತಿದ್ದಳು. ಅಪ್ಪ ಹಿಂದೆ, ತಂಬಿಗೆಯ ನೀರು ಚಿಮುಕಿಸುತ್ತ "ಸಲಾಂಬ್ರಿಗ್ಯೋ" ಎನ್ನುತ್ತಿದ್ದ. ಅವರ ಹೊಲದ ಅಂಚಿಗೇ ರೈಲಿನ ಹಳಿ. ಗಾಡಿ ಬಂದರೆ ಅದರ ಸಪ್ಪಳ ಮೀರಿಸಿ ಕೂಗಬೇಕು ಅವಳು. ಕಿಟಕಿಯಲ್ಲಿದ್ದ ಮಂದಿ ಕೈಬೀಸಿದರೆ ಅಪ್ಪ ತಿರುಗಿ ತಾನೂ ತಂಬಿಗೆ ಎತ್ತಿ ತೋರಿಸುತ್ತಿದ್ದ.

ಹದಿನೆಂಟಕ್ಕೆ ಮದುವೆಯಾಗಿ ನಾಗಣಸೂರಿನ ಅಮೃತಪ್ಪನ ಮನೆಗೆ ಬಂದಳು. ಮೊದಲ ವರ್ಷದ ಎಳ್ಳಮಾಸಿ. ಪೂಜೆ ಮುಗಿಯಿತು. ಅಭ್ಯಾಸಬಲದಿಂದ ಬುಟ್ಟಿಗೆ ಕೈ ಹಾಕಿದಳು. ಅತ್ತೆ ಚಂದ್ರಭಾಗಾ ಅವಳ ಮಣಿಕಟ್ಟು ಹಿಡಿದಳು.

"ನಮ್ಮ ಮನ್ಯಾಗ ಗಂಡಮಕ್ಕಳು ಚೆಲ್ಲತಾರ. ನೀ ಎಲಿ ಹಾಕು."

ಅಷ್ಟೇ ಆದದ್ದು. ಬಯ್ಗುಳವಿಲ್ಲ, ಜಗಳವಿಲ್ಲ. ಇಂದುಬಾಯಿ ಎಲೆ ಹಾಕಿದಳು. ಗಂಡ ಕೂಗುತ್ತ, ಮೈದುನ ಹಿಂದೆ ತಂಬಿಗೆ ಹಿಡಿದು ಜೋಳದೊಳಗೆ ಹೋಗುವುದನ್ನು ಗುಡಿಸಲ ಬಾಯಲ್ಲಿ ಕೂತು ಕೇಳಿದಳು. ಅಮೃತಪ್ಪ ಒಳ್ಳೆಯ ಮನುಷ್ಯ, ಆದರೆ ಕೂಗು ಅವನಿಂದ ಆಗುವುದಲ್ಲ. ಯಾರದೋ ದನ ಹೊಲಕ್ಕೆ ಬಿದ್ದರೂ ಕೆಮ್ಮಿ ಓಡಿಸುವ ಜಾತಿ. ಅವನ "ಹುಲಿಗ್ಯೋ" ನಾಲ್ಕು ಸಾಲು ಜೋಳ ದಾಟುತ್ತಿರಲಿಲ್ಲ.

ಮಗಳು ಸ್ನೇಹಲ ಹುಟ್ಟಿ ನಡೆಯಲು ಕಲಿತ ಮೇಲೆ ಒಮ್ಮೆ ಧೈರ್ಯ ಮಾಡಿ ಗಂಡನನ್ನು ಕೇಳಿದಳು. "ಈ ಸಲಾ ನಾ ಚೆಲ್ಲಲೇನ್ರಿ?"

"ನೋಡೂಣ" ಎಂದ ಅಮೃತಪ್ಪ.

ಮರುವರ್ಷ ಕೇಳಿದಳು. ನೋಡೂಣ. ಅವನು ಇಲ್ಲ ಎಂದಿದ್ದರೆ ಜಗಳವಾಡಬಹುದಿತ್ತು. ಹೂಂ ಎಂದಿದ್ದರೆ ಅತ್ತೆಯ ಜೊತೆ ಜಗಳವಾಡಬಹುದಿತ್ತು. ಈ ನೋಡೂಣದ ಜೊತೆ ಏನು ಮಾಡುವುದು? ಪಾತ್ರೆ ಕುಕ್ಕುವುದೊಂದೇ ಉಳಿಯಿತು. ಸ್ನೇಹಲ ಅಕ್ಕಲಕೋಟದ ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದರೂ ಪಾತ್ರೆಗಳ ಸಪ್ಪಳ ನಿಂತಿರಲಿಲ್ಲ.

ಹೀಗಿರುವಾಗ ಒಂದು ಚಳಿಗಾಲ ಮೈದುನ ಧರ್ಮರಾಜನ ಫೋನು ಬಂತು. ಅವನು ಸೋಲಾಪುರದಲ್ಲಿ ಒಂದು ಕಚೇರಿಯಲ್ಲಿ ದೊಡ್ಡ ಕಾರಕೂನ. ಹೆಂಡತಿ ನಂದಾ, ಸ್ವಂತ ಫ್ಲ್ಯಾಟು, ಕಾರು ಎಲ್ಲ ಇದ್ದವನು. ಎಳ್ಳಮಾಸಿಗೆ ಮಾತ್ರ ತಪ್ಪದೆ ಊರಿಗೆ ಬರುತ್ತಿದ್ದ.

"ವೈನಿ, ಈ ಸಲಾ ನಮ್ಮ ಆಫೀಸಿನ ಮಂದಿ ಬರಾಕತ್ತಾರ್ರಿ. ಹೊಲದಾಗ ಕೂತು ಸೀತನಿ ತಿನ್ನಬೇಕಂತ ಭಾಳ ಹೌಸ ಅವರಿಗೆ."

ಸೀತನಿ ಎಂದರೆ ಹಾಲುಗಾಳಿನ ಜೋಳದ ತೆನೆ ಬೆರಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು ಉಜ್ಜಿ ತಿನ್ನುವುದು. ಮರಾಠಿಯವರ ಹುರಡಾ. ಈಗೀಗ ಸೋಲಾಪುರದವರಿಗೆ ಅದರ ಪಾರ್ಟಿ ಮಾಡುವ ಚಟ ಹತ್ತಿದೆ.

"ಎಷ್ಟ ಮಂದಿ?" ಎಂದಳು ಇಂದುಬಾಯಿ.

"ಒಂದ ಮೂರ ಕಾರಿನಷ್ಟು. ಬರೇ ರೊಟ್ಟಿ ಭಜ್ಜಿ ಸಾಕ್ರಿ, ಹೆಚ್ಚೇನ ಮಾಡಬ್ಯಾಡ್ರಿ."

"ತೊಗರಿ ಕೊಯ್ಲಿ ನಡದದ. ಆಳ ಸಿಗವಲ್ಲವು. ನಾ ಒಬ್ಬಾಕಿ ಎಷ್ಟಂತ ಬಡೀಲಿ?"

"ನಂದಾ ಬರ್ತಾಳಲ್ರಿ!"

ನಂದಾ ಬಂದಳು. ಮೊಣಕಾಲು ನೋವೆಂದು ಕುರ್ಚಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿದಳು, ಸುಲಿಯುತ್ತ ತನ್ನ ಗಂಡನನ್ನು ಬಯ್ದಳು. "ಅಕ್ಕಾ, ನಾ ಬ್ಯಾಡಂದೆ. ಅವರ ಸಾಹೇಬಗ ತೋರಸಬೇಕಾಗ್ಯದ, ನಮ್ದು ಹೊಲ ಅದ ಅಂತ." ಆ ಮಾತು ಕೇಳಿ ಇಂದುಬಾಯಿಗೆ ಅವಳ ಮೇಲಿನ ಸಿಟ್ಟು ಇಳಿಯಿತು. ಇಳಿದದ್ದು ಎಲ್ಲಿ ಹೋಗಬೇಕು, ಹಿಟ್ಟಿನ ಮೇಲೆ ಹೋಯಿತು. ರೊಟ್ಟಿಗಳು ಅಂದು ಬಹಳ ತೆಳ್ಳಗಾದವು.

ಅಮಾವಾಸ್ಯೆಯ ದಿನ ಥಂಡಿ ಕಡಿಯುತ್ತಿತ್ತು. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಅಡುಗೆಯ ಬುಟ್ಟಿಗಳ ನಡುವೆ ಕೂತು ಎಲ್ಲರೂ ಹೊಲ ಸೇರಿದರು. ಒಣ ಜೋಳದ ದಂಟು ಕಣಿಕೆಯ ಗುಡಿಸಲು ಕಟ್ಟಿ, ಸುಣ್ಣ ಹಚ್ಚಿದ ಐದು ಕಲ್ಲು ಇಟ್ಟು, ಪೂಜೆಗೆ ಎಲ್ಲ ಅಣಿಯಾಯಿತು. ಅತಿಥಿಗಳ ಪತ್ತೆಯಿಲ್ಲ. ಧರ್ಮರಾಜ ರಸ್ತೆಗೆ ಹೋಗಿ ಬಂದ, ಮತ್ತೆ ಹೋದ. ಬಿಸಿಲು ನೆತ್ತಿಗೆ ಬಂದಾಗ ಕಾರುಗಳು ಬಂದವು. ಇಳಿದವರಲ್ಲಿ ಇಬ್ಬರು ಸೀದಾ ಜೋಳಕ್ಕೆ ನುಗ್ಗಿ ತೆನೆ ಮುರಿದರು. ನೈವೇದ್ಯವಾಗುವ ಮೊದಲೇ ಕುಳ್ಳಿಗೆ ಬೆಂಕಿ ಬಿತ್ತು.

ಚಂದ್ರಭಾಗಾ ಮುದುಕಿಯ ಮುಖ ಕಪ್ಪಿಟ್ಟಿತು. ಇಂದುಬಾಯಿ ಎದ್ದಳು. ಅತ್ತೆ ಸೆರಗು ಹಿಡಿದು ಕೂರಿಸಿದಳು. "ಮಂದಿ ಮುಂದ ಏನೂ ಅನಬ್ಯಾಡ. ನಮ್ಮ ಹುಡುಗನ ಮಾನ ಹೋಗ್ತದ."

ಪೂಜೆಯೇನೋ ಆಯಿತು. ಅಮೃತಪ್ಪ ಬುಟ್ಟಿ ಎತ್ತಿದ. ಆದರೆ ನಾಲ್ಕು ದಿನದ ಶೀತಕ್ಕೆ ಅವನ ಗಂಟಲು ಪೂರ್ತಿ ಕೂತಿತ್ತು. ಬಾಯಿ ತೆರೆದರೆ ಬರೀ ಗಾಳಿ. ಧರ್ಮರಾಜ "ನಾ ಕೂಗ್ತೀನಿ ತಡಿ" ಎಂದು ಮುಂದಾದ. ಹುಲಿಗ್ಯೋ ಎನ್ನುವುದು ಎರಡನೆಯ ಸಲಕ್ಕೇ ಹುಲಿಗೆಮ್ಮ ಎಂದಾಯಿತು, ಮೂರನೆಯದಕ್ಕೆ ಅದೂ ಮರೆತುಹೋಯಿತು. ಅತಿಥಿಗಳು ಗೊಳ್ಳೆಂದು ನಕ್ಕರು. ಅವನು ಕಿವಿ ಕೆಂಪಗೆ ಮಾಡಿಕೊಂಡು ಗುಡಿಸಲ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ.

"ವೈನಿ, ನೀವು ಇಲ್ಲಿಂದನ ಕೂಗ್ರಿ. ನಾವು ಅಲ್ಲಿ ಚೆಲ್ಲಕೋತ ಹೋಗ್ತೀವಿ."

ಇಂದುಬಾಯಿ ಎಲೆಗೆ ಉಪ್ಪು ಬಡಿಸುತ್ತಿದ್ದಳು.

"ನನ್ನ ದನಿ ಬೇಕು, ನಾ ಬ್ಯಾಡ?"

"ಹಂಗಲ್ರಿ ವೈನಿ..."

"ಮತ್ತ ಹೆಂಗ?"

ಉಪ್ಪಿನ ಬಟ್ಟಲನ್ನು ನಂದಾಳ ಕೈಯಲ್ಲಿಟ್ಟಳು. ನೇರ ಗಂಡನ ಬಳಿ ಹೋಗಿ ಬುಟ್ಟಿ ಕಿತ್ತುಕೊಂಡಳು. ಕಿತ್ತುಕೊಂಡಳು ಎನ್ನುವುದೂ ಹೆಚ್ಚೇ, ಅವನು ಬಿಟ್ಟುಬಿಟ್ಟಿದ್ದ. ಹಿಂದೆ ಅತ್ತೆ ಏನೋ ಅಂದದ್ದು ಕೇಳಿಸಿತು, ತಿರುಗಲಿಲ್ಲ. ಬದುವಿನ ಮೇಲೆ ನಿಂತು ಉಸಿರೆಳೆದು ಕೂಗಿದಳು.

ದನಿ ಒಡೆಯಿತು. ಅವಳು ನೆನಪಿಟ್ಟುಕೊಂಡಿದ್ದ ದನಿ ಹುಡುಗಿಯದು. ಈಗ ಬಂದದ್ದು ನಲವತ್ತು ದಾಟಿದ ಹೆಂಗಸಿನದು, ಒಲೆಯ ಹೊಗೆ ಕುಡಿದದ್ದು. ಆದರೂ ಕೂಗಿದಳು. ಜೋಳದ ಎಲೆ ಕೆನ್ನೆ ಕೊಯ್ದಿತು, ಸೆರಗು ತೊಗರಿ ಕೂಳೆಗೆ ಸಿಕ್ಕಿತು. ಹಿಂದೆ ನೀರು ಚಿಮುಕಿಸುವ ಸಪ್ಪಳ ಕೇಳಿ ತಿರುಗಿದರೆ ಅಮೃತಪ್ಪ ತಂಬಿಗೆ ಹಿಡಿದು ಬರುತ್ತಿದ್ದ. ಅವಳ ಎದೆ ತುಂಬಿ ಬರುವಷ್ಟರಲ್ಲಿ ಅವನು ಇಲ್ಲದ ದನಿಯಲ್ಲಿ ಪಿಸುಗುಟ್ಟಿದ. "ಲಗೂ ಲಗೂ ನಡಿ. ಮಂದಿ ಹಸದಾರ."

ಇನ್ನೊಂದು ಬದಿಯಿಂದ ಒಬ್ಬ ಅತಿಥಿ ಮೊಬೈಲು ಹಿಡಿದು ಓಡೋಡಿ ಬರುತ್ತಿದ್ದ. "ವಹಿನಿ, ಪುನ್ಹಾ ಏಕದಾ! ನೀಟ ಆಲಂ ನಾಹೀ!" ಸರಿ ಬರಲಿಲ್ಲ, ಇನ್ನೊಮ್ಮೆ ಮಾಡಿರೆಂದು ಅವನ ಕೇಳಿಕೆ. ಇಂದುಬಾಯಿ ಮುಂದೆ ನಡೆದಳು.

ಸುತ್ತು ಮುಗಿಸಿ ಬಂದಾಗ ಭಜ್ಜಿಯ ಪಾತ್ರೆ ತಳ ಕಂಡಿತ್ತು. ಅತಿಥಿಗಳು ಊಟ ಬಹಳ ಹೊಗಳಿದರು. ಅವಳಿಗೆ ಉಳಿದದ್ದು ರೊಟ್ಟಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿ.

ಅತ್ತೆ ಮಾತು ಬಿಟ್ಟಳು. ಒಂದೇ ಒಲೆಯ ಮುಂದೆ ಕೂತು, ಒಂದೇ ಕೌದಿಯ ಎರಡು ತುದಿ ಹೊಲಿಯುತ್ತ, ಮಾತಿಲ್ಲ. ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಕೈಗಿಡುವಾಗ ಮಾತ್ರ ಹೇಳಿದಳು. "ಬೆಳಿಗೆ ಏನಾರ ಆದ್ರ ನನ್ನ ಕೇಳಬ್ಯಾಡ." ಬೆಳೆಗೆ ಏನೂ ಆಗಲಿಲ್ಲ. ಹೆಚ್ಚೂ ಬರಲಿಲ್ಲ, ಕಡಿಮೆಯೂ ಬರಲಿಲ್ಲ, ಎಂದಿನಷ್ಟೇ ಜೋಳ ಬಂತು. ಮುದುಕಿ ರಾಶಿಯ ಸುತ್ತ ಒಮ್ಮೆ ತಿರುಗಿ ನೋಡಿ ಮನೆಗೆ ಹೋದಳು.

ಆ ನಡುವೆ ಸ್ನೇಹಲ ಕಾಲೇಜಿನಿಂದ ಓಡಿ ಬಂದು ಮೊಬೈಲು ತೋರಿಸಿದ್ದಳು. "ಅವ್ವಾ, ನಿನ್ನ ವಿಡಿಯೋ ನೋಡು! ಎಷ್ಟ ಮಂದಿ ನೋಡ್ಯಾರ!"

ಇಂದುಬಾಯಿ ನೋಡಿದಳು. ಜೋಳದ ನಡುವೆ ಹಸಿರು ಸೀರೆ, ಬುಟ್ಟಿ, ಎತ್ತಿದ ಕೈ. ಬಾಯಿ ತೆರೆಯುತ್ತಿದೆ, ಮುಚ್ಚುತ್ತಿದೆ. ಮೇಲೆ ಯಾವುದೋ ಸಿನಿಮಾದ ಮರಾಠಿ ಹಾಡು.

"ನನ್ನ ದನಿ ಎಲ್ಲಿ ಅದ?"

"ಮ್ಯೂಟ ಮಾಡ್ಯಾರವ್ವಾ. ಹಾಡ ಹಾಕಿದ್ರ ಛಲೋ ಕಾಣ್ತದಲ್ಲ."

ಇಂದುಬಾಯಿ ಮೊಬೈಲು ವಾಪಸು ಕೊಟ್ಟು ಹಿಂಡಿಗೆ ಖಾರ ಕುಟ್ಟಲು ಹೋದಳು. ಅವತ್ತಿನ ಹಿಂಡಿ ಯಾರಿಗೂ ತಿನ್ನಲಾಗಲಿಲ್ಲ.

ಮರುವರ್ಷ ದೀಪಾವಳಿ ಮುಗಿಯುತ್ತಿದ್ದಂತೆಯೇ ಧರ್ಮರಾಜ ಫೋನು ಮಾಡಿದ. ಈ ಸಲ ಮೂರು ಕಾರಲ್ಲ, ಒಂದು ಬಸ್ಸು. ಪೆಂಡಾಲು ಹಾಕಿಸುತ್ತಾನಂತೆ. ಅಡುಗೆಗೆ ಸೋಲಾಪುರದಿಂದ ಆಚಾರಿ ಬರುತ್ತಾನಂತೆ. "ಆದ್ರ ಚರಗ ಮಾತ್ರ ವೈನೀನ ಚೆಲ್ಲಬೇಕಂತ ಎಲ್ಲಾರೂ. ವಿಡಿಯೋ ನೋಡ್ಯಾರಲಾ. ಆ ಹಸರ ಸೀರಿನ ಉಡ್ರಿ ಅಂತ ಹೇಳು ಅಣ್ಣಾ."

ಅಮೃತಪ್ಪ ಖುಷಿಯಿಂದ ಒಳಗೆ ಬಂದ. "ನೋಡು, ಇಷ್ಟ ವರ್ಷ ಬಡಕೊಂಡಿ. ಈಗ ಎಲ್ಲಾರೂ ನೀನ ಚೆಲ್ಲಬೇಕಂತಾರ. ಇನ್ನೇನ ಬೇಕು ನಿನಗ?"

ಇನ್ನೇನು ಬೇಕೆಂದು ಹೇಳಲು ಇಂದುಬಾಯಿಗೆ ಬರಲಿಲ್ಲ. ಬೇಕಾದದ್ದು ಸಿಕ್ಕಿದೆ ಎಂದು ಎದುರಿಗೆ ನಿಂತು ಹೇಳುತ್ತಿದ್ದಾನೆ, ಸಿಕ್ಕಿದ್ದು ಅದಲ್ಲ. ಎರಡರ ನಡುವಿನ ಅಂತರ ಇವನಿಗೆ ಹೇಗೆ ತಿಳಿಸುವುದು? "ನಾ ಏನ ಗೊಂಬಿ ಆಟದಾಕೇನು?" ಎಂದಷ್ಟೇ ಅಂದಳು. ಅವನಿಗೆ ಅರ್ಥವಾಗಲಿಲ್ಲ.

ಆ ವರ್ಷ ಹಿಂಗಾರಿ ಬಿತ್ತನೆಯೂ ತಡವಾಗಿತ್ತು. ಮಳೆ ನಿಲ್ಲದೆ ಸುರಿದು, ನೆಲ ಒಣಗದೆ, ಕೂರಿಗೆ ಹೂಡಲು ಹದವೇ ಸಿಕ್ಕಿರಲಿಲ್ಲ. ಎಳ್ಳಮಾಸಿಯ ಹೊತ್ತಿಗೆ ಜೋಳ ಇನ್ನೂ ಮೊಣಕಾಲೆತ್ತರ, ತೆನೆಯ ಸುದ್ದಿಯೇ ಇಲ್ಲ. ಅದನ್ನು ಹೇಳಿದರೆ ಧರ್ಮರಾಜ, ಸೀತನಿಯನ್ನು ಸೋಲಾಪುರದ ಮಾರ್ಕೆಟ್ಟಿನಿಂದ ಚೀಲದಲ್ಲಿ ತರುತ್ತೇನೆ ಎಂದ. ಹೊಲದಲ್ಲಿ ಕೂತು ತಿನ್ನಲು ಸೀತನಿ ಪೇಟೆಯಿಂದ ಬರುವುದು! ಇಂದುಬಾಯಿ ಈ ಮಾತನ್ನು ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಹೇಳಿ ಬೇಸತ್ತಳು.

ಹಬ್ಬದ ಹಿಂದಿನ ಸಂಜೆ ದನಗಳಿಗೆ ಮೇವು ಹಾಕುತ್ತಿದ್ದ ಗಂಡನ ಮುಂದೆ ಬಂದು ನಿಂತಳು.

"ನಾಳಿ ಹೊತ್ತ ಏರೂದ್ರೊಳಗ ನಾ ಚರಗ ಚೆಲ್ಲಿ ಬರ್ತೀನಿ. ಬಸ್ಸಿನ ಮಂದಿಗೆ ಕಾಯಾಂಗಿಲ್ಲ."

"ಧರ್ಮ ಏನಂತಾನ? ನೋಡೂಣ..."

"ನೋಡೂದು ಮುಗೀತು. ಬರೂದಿದ್ರ ಬರ್ರಿ."

ಇದನ್ನು ಕಟ್ಟೆಯ ಮೇಲೆ ಕೂತ ಚಂದ್ರಭಾಗಾ ಕೇಳಿಸಿಕೊಂಡಳು. ಸೊಸೆ ಬೈಗುಳಕ್ಕೆ ತಯಾರಾಗಿ ತಿರುಗಿದಳು. ಮುದುಕಿ ಬೇರೆಯದೇ ಹೇಳಿದಳು. "ದೇವರಿಗೆ ಬಸ್ಸ ಬರೂತನಕ ಕಾಯಾಕ ಹಚ್ಚಬಾರದು. ನಾನೂ ಬರ್ತೀನಿ. ಆದ್ರ ಮೊದಲನೇ ಹಿಡಿ ಅಮೃತಪ್ಪನ ಹಾಕಬೇಕು."

ಆ ಒಂದು ಹಿಡಿಯ ಮೇಲೂ ಜಗಳವಾಡಬೇಕೆನಿಸಿತು ಇಂದುಬಾಯಿಗೆ. ಅತ್ತೆಯ ಮಂಡಿಯೂದಿದ ಕಾಲು ನೋಡಿ ಬಿಟ್ಟಳು.

ಬೆಳಗಿನ ಮಂಜಿನಲ್ಲಿ ನಾಲ್ವರೂ ಹೊಲಕ್ಕೆ ಹೋದರು. ಸ್ನೇಹಲ ಅಜ್ಜಿಯ ಕೈಹಿಡಿದು ನಡೆಸಿದಳು. ಗುಡಿಸಲು ಚಿಕ್ಕದು, ಅಡುಗೆ ಮನೆಮಟ್ಟಿಗೆ. ಪೂಜೆಯಾಗಿ ಅಮೃತಪ್ಪ ಒಂದು ಹಿಡಿ ಚೆಲ್ಲಿ ಬುಟ್ಟಿಯನ್ನು ಹೆಂಡತಿಗೆ ಕೊಟ್ಟು ತಂಬಿಗೆ ಹಿಡಿದ. ಬೆಳೆ ಗಿಡ್ಡವಾದ್ದರಿಂದ ಹೊಲ ಇಡಿಯಾಗಿ ಕಾಣುತ್ತಿತ್ತು, ಈ ಬದುವಿನಿಂದ ಆ ಬದುವಿನ ತನಕ. ಇಂದುಬಾಯಿ ಕೂಗಿದಳು. ಈ ಸಲ ದನಿ ಒಡೆಯಲಿಲ್ಲ. ಚಳಿಗಾಳಿಯಲ್ಲಿ ಅದು ಎಲ್ಲಿಯವರೆಗೆ ಹೋಯಿತೋ, ಮಂಜಿನಾಚೆ ಯಾರದೋ ಹೊಲದಿಂದ ಒಬ್ಬ ಹೆಂಗಸು "ಸಲಾಂಬ್ರಿಗ್ಯೋ" ಎಂದಳು. ಯಾರೆಂದು ಕಾಣಲಿಲ್ಲ. ಇಂದುಬಾಯಿ ಇನ್ನೂ ಗಟ್ಟಿಯಾಗಿ ಕೂಗಿದಳು. ಮತ್ತೆ ಉತ್ತರ ಬಂತು. ಬುಟ್ಟಿ ಖಾಲಿಯಾಗುವ ತನಕ ಹೀಗೇ ನಡೆಯಿತು. ಅಷ್ಟು ಹೊತ್ತು ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಬಿಸಿಲೇರಿ ಎಷ್ಟೋ ಹೊತ್ತಿನ ಮೇಲೆ ಬಸ್ಸು ಬಂತು. ಪೆಂಡಾಲಿನ ಕೆಳಗೆ ಕುರ್ಚಿಗಳು ತುಂಬಿದವು. ಧರ್ಮರಾಜ ಹೊಸ ಜಾಕೀಟು ಹಾಕಿಕೊಂಡು ಬಂದ.

"ವೈನಿ, ಇನ್ನೂ ಹಸರ ಸೀರಿ ಉಟ್ಟಿಲ್ಲ? ಚರಗಕ್ಕ ಎಲ್ಲಾರೂ ಕಾಯಾಕತ್ತಾರ."

"ಚರಗ ಆಗಿಹೋತು."

"ಆಗಿಹೋತು ಅಂದ್ರ?"

"ನಸಿಕಿನ್ಯಾಗ ಚೆಲ್ಲಿ ಬಂದೀವಿ. ಅವರಿಗೆ ಊಟ ಮಾಡ್ರಿ ಅನ್ನು."

ಅವನು ಅಣ್ಣನ ಕಡೆ ನೋಡಿದ, ತಾಯಿಯ ಕಡೆ ನೋಡಿದ. ಚಂದ್ರಭಾಗಾ ಎಲೆಅಡಿಕೆ ಚೀಲ ಬಿಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. ಅವನ ದನಿ ಬದಲಾಯಿತು. "ಇಷ್ಟ ದೂರ ಮಂದೀನ ಕರಕೊಂಡ ಬಂದೀನಿ. ನನ್ನ ಮಾರಿ ನೋಡಿ, ಸುಮ್ಮನ ಇನ್ನೊಂದ ಸಲಾ ಖಾಲಿ ಬುಟ್ಟಿ ಹಿಡದ ನಾಕ ಹೆಜ್ಜಿ ನಡೀರಿ. ಏನ ಹೋಗ್ತದ?"

"ನಾ ನಡ್ಯಾಂಗಿಲ್ಲ."

"ವೈನಿ, ನಿಮಗ ಕೈ ಮುಗೀತೀನಿ."

"ಮುಗಿದ್ರೂ ಇಲ್ಲ."

ಆಮೇಲೆ ನಡೆದದ್ದನ್ನು ಇಂದುಬಾಯಿ ಯಾರಿಗೂ ಸರಿಯಾಗಿ ಹೇಳಿಲ್ಲ. ತಮ್ಮನ ಮುಖ ನೋಡಲಾಗದೆ ಅಮೃತಪ್ಪ ಎದ್ದ. ಖಾಲಿ ಬುಟ್ಟಿಗೆ ಆಚಾರಿಯ ಪಾತ್ರೆಯಿಂದ ಒಂದಿಷ್ಟು ಅನ್ನ ಹಾಕಿಕೊಂಡು ಗಿಡ್ಡ ಜೋಳದಲ್ಲಿ ಇಳಿದ. ಹಿಂದೆ ಬಸ್ಸಿನ ಮಂದಿಯೆಲ್ಲ ಮೊಬೈಲು ಎತ್ತಿ ಹೊರಟರು. ಬದುಕಿನಲ್ಲಿ ಎಂದೂ ಗಟ್ಟಿಯಾಗಿ ಕೂಗದ ಮನುಷ್ಯ ಆ ದಿನ ಕತ್ತಿನ ನರ ಉಬ್ಬುವಂತೆ ಕೂಗಿದ. ಅವರು ಇನ್ನೊಮ್ಮೆ ಎಂದರೆ ಇನ್ನೊಮ್ಮೆ ಕೂಗಿದ. ಅವರ ಕಾಲಡಿ ಮೊಣಕಾಲೆತ್ತರದ ಜೋಳ ಸಾಲುಸಾಲಾಗಿ ಮಲಗಿತು.

ಇಂದುಬಾಯಿ ಗುಡಿಸಲ ಬಾಯಲ್ಲಿ ನಿಂತು ನೋಡಿದಳು. ಗಂಡನ ಮೇಲೆ ಸಿಟ್ಟು ಬಂತು, ಕನಿಕರವೂ ಬಂತು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ಎದುರಿಗಿದ್ದ ತಂಬಿಗೆ ಒದ್ದಳು.

ಊಟವಾಗಿ ಬಸ್ಸು ಹೋಯಿತು. ಧರ್ಮರಾಜ ಹೇಳದೆಯೇ ಹೊರಟ. ನಂದಾ ಮಾತ್ರ ಕಾರಿನ ಗಾಜು ಇಳಿಸಿ, "ಅಕ್ಕಾ, ಫೋನ ಮಾಡ್ತೀನಿ" ಎಂದಳು. ಮರುದಿನ ಇಂದುಬಾಯಿ ಮತ್ತು ಸ್ನೇಹಲ ಹೊಲದಲ್ಲಿ ಪ್ಲಾಸ್ಟಿಕ್ ಗ್ಲಾಸು, ತಾಟು ಆರಿಸಿದರು. ಗಾಳಿಗೆ ಹಾರಿದವು ಪಕ್ಕದ ಹೊಲದ ಕಡಲೆಗೂ ಹೋಗಿದ್ದವು. ಆ ಹೊಲದವನು ಬದುವಿನ ಮೇಲೆ ನಿಂತು, "ಏನವಾ, ಹಬ್ಬ ನಿಮ್ದು, ಕಸ ನಮಗೇನು?" ಎಂದು ಇಂದುಬಾಯಿಯನ್ನೇ ಬಯ್ದ. ಅವನು ಹೇಳಿದ್ದು ಖರೆಯಾದ್ದರಿಂದ ತಿರುಗಿ ಬಯ್ಯಲೂ ಆಗಲಿಲ್ಲ.

ಮನೆಯಲ್ಲಿ ಅಮೃತಪ್ಪನದು ದಿನಾ ಒಂದೇ ಮಾತು. "ನೀ ಒಂದ ಫೋನ ಮಾಡು. ನೀ ಮಾಡಿದ್ರ ಅವನ ಸಿಟ್ಟ ಇಳೀತದ."

"ನನ್ನ ಸಿಟ್ಟ ಇಳಸಾಕ ಯಾರ ಫೋನ ಮಾಡ್ತಾರ?"

ಫೋನು ಮಾಡಲಿಲ್ಲ. ಧರ್ಮರಾಜನೂ ಮಾಡಲಿಲ್ಲ. ಸಂಕ್ರಾಂತಿಯ ಮುನ್ನಾದಿನ, ಭೋಗಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಾಳುಪಲ್ಯ, ಬೆಣ್ಣೆ ಕಟ್ಟಿ ಇಂದುಬಾಯಿಯೇ ಗಂಡನ ಕೈಗೆ ಕೊಟ್ಟಳು. ರೊಟ್ಟಿಯ ಮೇಲೆ ಅವಳಿಗೆ ಯಾವ ದ್ವೇಷವೂ ಇರಲಿಲ್ಲ. ಅಮೃತಪ್ಪ ಎಸ್‌ಟಿ ಬಸ್ಸು ಹಿಡಿದು ಸೋಲಾಪುರಕ್ಕೆ ಹೋಗಿ ಸಂಜೆ ತಿರುಗಿ ಬಂದ. ಮಫ್ಲರು ಬಿಚ್ಚುತ್ತ ಹೇಳಿದ.

"ರೊಟ್ಟಿ ತಿಂದ. ಮುಂದಿನ ಸಲಾ ಮಂದೀನ ಕರಕೊಂಡ ಬರಾಂಗಿಲ್ಲಂತ. ತಾ ಒಬ್ಬನ ಬರ್ತಾನಂತ."

"ಚರಗ ಯಾರ ಚೆಲ್ಲೂದಂತ?"

ಅಮೃತಪ್ಪ ಮಫ್ಲರನ್ನು ಗೂಟಕ್ಕೆ ಹಾಕಿದ. "ಅದನ್ನ ನಾ ಕೇಳಲಿಲ್ಲ ನೋಡು."

ಇಂದುಬಾಯಿ ಅವನ ಮುಂದೆ ಚಹಾದ ಬಟ್ಟಲು ಇಟ್ಟಳು. ಸ್ವಲ್ಪ ಜೋರಾಗಿಯೇ ಇಟ್ಟಳು, ಚಹಾ ಬಸಿಗೆ ಚೆಲ್ಲಿತು. ಒಳಗಿನಿಂದ ಅತ್ತೆ, "ಏನಾತ?" ಎಂದು ಕೂಗಿದಳು. "ಏನಿಲ್ರಿ" ಎಂದು ಹೇಳಿ ಅವಳು ಹಿತ್ತಲಿಗೆ ಹೋಗಿ, ಒಣಗಿದ ತೊಗರಿ ಕಟ್ಟಿಗೆಯನ್ನು ಮೊಣಕಾಲಿಗೆ ಹಚ್ಚಿ ಮುರಿಯತೊಡಗಿದಳು.